ಮೆಲ್ಲಗೆ ಮಾತಾಡಿದ ಕಾಲ

ಸರ್ವಾಧಿಕಾರ ಎಂದರೆ ಹಿಟ್ಲರ್, ಸ್ಟಾಲಿನ್ ಹೆಸರು ಹೇಳಿ ಮುಗಿಸುವುದು ನಮಗೆ ರೂಢಿ. ಅದರ ನೆರಳು ನಮ್ಮ ಸೀಮೆಯ ಮೇಲೂ 21 ತಿಂಗಳು ಬಿದ್ದಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ಮರುದಿನವೇ ಸೆರೆಮನೆ ಸೇರಿದರು. ದೇಶದಲ್ಲಿ ಹೀಗೆ ಬಂಧಿತರಾದವರು 1,10,806 ಮಂದಿ ಎಂದು ಮುಂದೆ ಷಾ ಆಯೋಗ ಲೆಕ್ಕ ಕೊಟ್ಟಿತು.

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಪೊಲೀಸರು ಬಂದದ್ದನ್ನು ನಾನು ಕಾಣೆ. ಆದರೂ ಪ್ರಧಾನಿಯ ಹೆಸರೆತ್ತುವ ಮುನ್ನ ತಾತ ಬಾಗಿಲು ಮುಂದೆ ಮಾಡಿ, "ಮೆಲ್ಲಗೆ ಮಾತಾಡಪ್ಪಾ, ಮಗ್ಗ ನಿಂತದೆ" ಎನ್ನುತ್ತಿದ್ದರು. ಮಗ್ಗದ ಸದ್ದಿದ್ದರೆ ಮಾತು ಹೊರಗೆ ಕೇಳುವುದಿಲ್ಲವಲ್ಲ! ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗಂಡಸರನ್ನು ಒಪ್ಪಿಸಬೇಕೆಂದು ಮೇಷ್ಟ್ರುಗಳು ಮನೆಮನೆ ಅಲೆಯುತ್ತಿದ್ದರು. ಅವರನ್ನು ಕಂಡರೆ ಹೊಲದ ದಾರಿ ಹಿಡಿಯುವವರಿದ್ದರು. ಮೇಷ್ಟ್ರಿಗೆ ಮೇಲಿನವರ ಭಯ, ಊರಿಗೆ ಮೇಷ್ಟ್ರ ಭಯ. ಲಾಠಿಯ ಕೆಲಸವನ್ನು ನಾವೇ ಮಾಡಿಕೊಂಡಿದ್ದೆವು.

ಆದರೆ ಇಷ್ಟೇ ಹೇಳಿದರೆ ಅರ್ಧ ಸತ್ಯ. ಅದೇ ತಿಂಗಳುಗಳಲ್ಲಿ ದೇವರಾಜ ಅರಸರ ಸರ್ಕಾರದ ಭೂ ನ್ಯಾಯಮಂಡಳಿಗಳು ನಡೆಯುತ್ತಿದ್ದವು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಫಾರಂ 7 ಹಿಡಿದ ಗೇಣಿದಾರ ಒಡೆಯನ ಎದುರು ನಿಂತು ಮಾತಾಡಿದ. 1975ರ ಅಕ್ಟೋಬರಿನಲ್ಲಿ ಜೀತ ಪದ್ಧತಿ ರದ್ದಾಯಿತು. 1977ರ ಮಾರ್ಚಿನಲ್ಲಿ ಉತ್ತರ ಭಾರತವೆಲ್ಲ ಇಂದಿರಾರನ್ನು ಸೋಲಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಇದನ್ನು ಹಳ್ಳಿಗರ ಅಜ್ಞಾನ ಎನ್ನುವ ನಗರದ ಪಂಡಿತರ ಮಾತನ್ನು ನಾನು ಒಪ್ಪಲಾರೆ. ಹಾಗೆಯೇ, ಬಿಗಿ ಆಡಳಿತವಿದ್ದದ್ದರಿಂದಲೇ ಭೂಮಿ ಸಿಕ್ಕಿತೆಂಬ ಮಾತನ್ನೂ ಒಪ್ಪಲಾರೆ. ಆ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ತುರ್ತುಪರಿಸ್ಥಿತಿ ಘೋಷಣೆಯಾಗುವ ಮೊದಲೇ.

ಬಹಳ ವರ್ಷಗಳ ಮೇಲೆ, ಹಾಗೆ ಭೂಮಿ ಪಡೆದ ಹಿರಿಯರೊಬ್ಬರಿಗೆ ಸ್ನೇಹಲತಾ ರೆಡ್ಡಿಯವರ ವಿಷಯ ಹೇಳಿದೆ. 'ಸಂಸ್ಕಾರ' ಚಿತ್ರದ ನಟಿ. 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಆಸ್ತಮಾದಿಂದ ನರಳುತ್ತ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದವರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು ಐದೇ ದಿನಕ್ಕೆ ತೀರಿಕೊಂಡವರು. ಅವರು ಸುಮ್ಮನೆ ಕೇಳಿಸಿಕೊಂಡು, "ಇಷ್ಟು ಹತ್ರದಾಗೆ ಇಂಥದ್ದು ನಡೆದಿತ್ತಾ ಸ್ವಾಮಿ? ನಮಗ್ಯಾರೂ ಹೇಳ್ಲೇ ಇಲ್ವಲ್ಲ" ಎಂದರು. ಹೇಳಬೇಕಾದ ಪತ್ರಿಕೆಗಳ ಮೇಲೆ ಆಗ ಸೆನ್ಸಾರ್ ಇತ್ತು.