ಗಂಟಲಿಗೊಂದು ಬಾಗಿಲು

ದನಿ ಎಂಬುದು ಇರುವಷ್ಟು ದಿನ ಯಾರ ಲೆಕ್ಕಕ್ಕೂ ಬಾರದ ಸೊತ್ತು. ತರಗತಿಯಲ್ಲಿ ವರ್ಷಗಟ್ಟಲೆ ಕೂಗಿ ಪಾಠ ಹೇಳಿದ ನನ್ನಂಥವರು ಗಂಟಲು ಕಟ್ಟಿದಾಗ ಮಾತ್ರ ಅದನ್ನು ನೆನೆಯುತ್ತೇವೆ. ಎರಡು ದಿನ ಮೆಣಸಿನ ಕಷಾಯ ಕುಡಿದು ಮತ್ತೆ ಮರೆಯುತ್ತೇವೆ. ಕ್ಯಾನ್ಸರ್ ಬಂದು ಗಂಟಲಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ ಯಾವ ಕಷಾಯವೂ ಇಲ್ಲ. ಅವರಿಗೆ ಮಾತನ್ನು ಮರಳಿ ಕೊಡಲು ನಡೆದ ಪ್ರಯತ್ನಗಳಿಗೆ ಒಂದೂವರೆ ಶತಮಾನದ ಚರಿತ್ರೆಯಿದೆ. ರಾಜರು, ಯುದ್ಧಗಳಿಂದ ತುಂಬಿದ ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗವಿಲ್ಲ.

1873ರ ಡಿಸೆಂಬರ್ 31ರಂದು ವಿಯೆನ್ನಾದ ಶಸ್ತ್ರವೈದ್ಯ ಥಿಯೋಡರ್ ಬಿಲ್‌ರೋತ್ ಕ್ಯಾನ್ಸರಿಗಾಗಿ ಒಬ್ಬ ರೋಗಿಯ ಗಂಟಲಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದರು. ರೋಗಿಗೆ 36 ವರ್ಷ. ಧರ್ಮಬೋಧೆ ಮಾಡುತ್ತಿದ್ದ ಉಪಾಧ್ಯಾಯ. ಮಾತಿನಿಂದಲೇ ಅನ್ನ ತಿನ್ನುವವನ ಮಾತೇ ಹೋಗಿತ್ತು! ಬಿಲ್‌ರೋತರ ಸಹಾಯಕ ಕಾರ್ಲ್ ಗುಸೆನ್‌ಬಾವರ್ ಅವನಿಗಾಗಿ ಒಂದು ಕೃತಕ ಗಂಟಲಪೆಟ್ಟಿಗೆ ಮಾಡಿಕೊಟ್ಟರು. ನಮ್ಮ ಹಾರ್ಮೋನಿಯಂನಲ್ಲಿರುವಂತೆ ಅದರಲ್ಲೂ ಗಾಳಿಗೆ ಕಂಪಿಸುವ ರೀಡ್ ಇತ್ತು. ಏರಿಳಿತವಿಲ್ಲದ ಒಂದೇ ಶ್ರುತಿಯಲ್ಲಾದರೂ ಅವನು ಮಾತಾಡಿದ. ಕಾಯಿಲೆ ಮರುಕಳಿಸಿ ಹೆಚ್ಚು ಕಾಲ ಬದುಕಲಿಲ್ಲ.

ಈ ಶಸ್ತ್ರಚಿಕಿತ್ಸೆಯಾದವರ ಶ್ವಾಸನಾಳದ ತುದಿಯನ್ನು ಕತ್ತಿನ ಬುಡದಲ್ಲಿ ಒಂದು ರಂಧ್ರವಾಗಿ ಹೊಲಿದಿರುತ್ತಾರೆ. ಉಸಿರಾಟವೆಲ್ಲ ಅಲ್ಲಿಂದಲೇ. ನಾಲಿಗೆ, ತುಟಿ, ಹಲ್ಲು ಎಲ್ಲ ಸರಿಯಾಗಿದ್ದರೂ ಬಾಯಿಗೆ ಗಾಳಿ ಬಾರದು, ಗಾಳಿಯಿಲ್ಲದೆ ದನಿಯಿಲ್ಲ.

ಈ ತೊಡಕನ್ನು ಬಿಡಿಸಿಕೊಂಡವರಲ್ಲಿ ಒಬ್ಬ ರೋಗಿಯೂ ಇದ್ದಾನೆ. ಅಮೆರಿಕದ ಈ ಮನುಷ್ಯ ಮಂಜುಗಡ್ಡೆ ಒಡೆಯುವ ಚೂಪು ಸಲಾಕೆಯನ್ನು ಕಾಯಿಸಿ, ಕತ್ತಿನ ರಂಧ್ರದಿಂದ ಒಳಗೆ ಚುಚ್ಚಿ, ಗಾಳಿಯ ದಾರಿಗೂ ಅನ್ನದ ದಾರಿಗೂ ನಡುವೆ ತೂತು ಮಾಡಿಕೊಂಡ! ಹೊರಗಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಉಸಿರು ಒಳಗಿನ ತೂತಿನಿಂದ ಬಾಯಿಗೆ ಬಂದು ಮಾತು ಹೊರಟಿತು. 1930ರ ದಶಕದ ಮೊದಲಲ್ಲಿ ಗಟ್‌ಮನ್ ಎಂಬ ವೈದ್ಯರು ಇದನ್ನು ವರದಿ ಮಾಡಿದರು. ಓದಿದಾಗ ನನ್ನ ಮೈ ಜುಮ್ಮೆಂದಿತು. ಮಾತಿಗಾಗಿ ಮನುಷ್ಯ ಏನೆಲ್ಲ ಮಾಡಿಯಾನು!

ಆದರೆ ದನಿ ಬರುವ ತೂತಿನಿಂದಲೇ ನೀರು, ಅನ್ನ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಗಾಳಿಯನ್ನು ಬಿಡುವ, ನೀರನ್ನು ತಡೆಯುವ ಬಾಗಿಲು ಬೇಕಿತ್ತು. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡುವುದಿಲ್ಲವಲ್ಲ, ಹಾಗೆ. 1972ರಲ್ಲಿ ಪೋಲೆಂಡಿನ ಮೊಜೊಲೆವ್‌ಸ್ಕಿ ಇಂಥ ವಾಲ್ವ್ ಒಂದನ್ನು ವಿವರಿಸಿದರು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ಸಿಂಗರ್ ಹಾಗೂ ವಾಕ್‌ತಜ್ಞ ಎರಿಕ್ ಬ್ಲಾಮ್ ಪ್ರಕಟಿಸಿದ ವಿಧಾನ ಜಗತ್ತಿಗೆಲ್ಲ ಹಬ್ಬಿತು. 1990ರಲ್ಲಿ ಹಾಲೆಂಡಿನಿಂದ ಪ್ರೊವಾಕ್ಸ್ ಬಂತು. ಬೆರಳ ತುದಿಯಷ್ಟು ಗಾತ್ರದ ಸಿಲಿಕೋನ್ ವಸ್ತು. ಒಳಗೊಂದು ಪುಟ್ಟ ಮುಚ್ಚಳ.

ನಮ್ಮ ಭಾವನವರಿಗೆ ಅದನ್ನು ಹಾಕಿದ ಮೇಲೆಯೇ ನನಗೆ ಈ ಚರಿತ್ರೆಯ ಉಳಿದರ್ಧ ತಿಳಿದದ್ದು. ಬಾಗಿಲು ಇಟ್ಟುಕೊಟ್ಟರೆ ಸಾಲದು, ಅದನ್ನು ದಿನಾ ಗುಡಿಸಬೇಕು. ಬೆಳಿಗ್ಗೆ ಮತ್ತು ರಾತ್ರಿ, ಊಟವಾದ ಮೇಲೂ, ಅವರು ಕನ್ನಡಿಯೆದುರು ಕೂರುತ್ತಾರೆ. ಅಕ್ಕ ಟಾರ್ಚು ಹಿಡಿಯುತ್ತಾಳೆ. ಅದಕ್ಕೆಂದೇ ಇರುವ ಸಣ್ಣ ಬ್ರಷ್ಷನ್ನು ಶುದ್ಧ ನೀರಿನಲ್ಲಿ ಅದ್ದಿ, ವಾಲ್ವಿನೊಳಗೆ ಮೆಲ್ಲನೆ ತೂರಿಸಿ, ತಿರುಗಿಸಿ, ಹೊರಗೆಳೆದು ಒರೆಸಬೇಕು. ಕಫ, ಅನ್ನದಗುಳು ಬರುವುದು ನಿಲ್ಲುವವರೆಗೆ ಹೀಗೆಯೇ. ಕೆಮ್ಮು ಬಂದರೆ ತಾಳಬೇಕು. ಇಷ್ಟು ಮಾಡಿದರೂ ಬೂಷ್ಟಿನ ಜಾತಿಯ ಕ್ಯಾಂಡಿಡಾ ಮುಚ್ಚಳದ ಮೇಲೆ ಬೆಳೆದು, ಅದು ಸರಿಯಾಗಿ ಕೂರದಂತಾಗುತ್ತದೆ. ಬಣ್ಣದ ನೀರು ಕುಡಿದು ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಆಗ ಆಸ್ಪತ್ರೆಗೆ ಹೋಗಿ ಹೊಸದನ್ನು ಹಾಕಿಸಬೇಕು. ಅನೇಕರಿಗೆ ಕೆಲವೇ ತಿಂಗಳಿಗೊಮ್ಮೆ. ವಾಲ್ವ್ ಕಳಚಿ ಬಿದ್ದರಂತೂ ತಡಮಾಡುವಂತಿಲ್ಲ, ಒಳಗಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಹಾಲೆಂಡಿನ ಸಂಶೋಧಕರು ಈ ಬೂಷ್ಟಿಗೆ ಮಜ್ಜಿಗೆಯನ್ನೂ ಪರೀಕ್ಷಿಸಿದ್ದಾರೆಂದು ಹೇಳಿದಾಗ ಅಕ್ಕ ನಕ್ಕು, "ಅದಕ್ಕೂ ವಿಜ್ಞಾನಿಗಳೇ ಬೇಕಾಯಿತೇನೆ?" ಎಂದಳು. ಮಜ್ಜಿಗೆ ಕುಡಿದರೂ ಬ್ರಷ್ ತಪ್ಪಿದ್ದಲ್ಲ.

ಹೆಂಗಸರಿಗೆ ಇನ್ನೊಂದು ನೋವು. ಈ ದನಿ ಹುಟ್ಟುವುದು ಅನ್ನನಾಳದ ಮೇಲ್ಭಾಗದ ಕಂಪನದಿಂದ. ಅದು ಒರಟು, ತಗ್ಗು. ಫೋನಿನಲ್ಲಿ "ಹೇಳಿ ಸಾರ್" ಎನ್ನಿಸಿಕೊಳ್ಳುವುದು ಅವರ ಪಾಲಿಗೆ ಬಂದದ್ದೇ. ಲಾಲಿ ಹಾಡಿದ ಗಂಟಲಿಗೆ ಅದು ಸಣ್ಣ ಪೆಟ್ಟಲ್ಲ.

ಬೆಲೆಯ ಮಾತು ಎಲ್ಲಕ್ಕಿಂತ ದೊಡ್ಡದು. ವಿದೇಶಿ ವಾಲ್ವಿಗೆ 15ರಿಂದ 30 ಸಾವಿರ ರೂಪಾಯಿ ಇದ್ದ ಕಾಲದಲ್ಲಿ, ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ತಮ್ಮ ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ಸೇರಿ 'ಓಂ' ಎಂಬ ಸಾಧನ ರೂಪಿಸಿದರು. ಅದರ ಬೆಲೆ 50 ರೂಪಾಯಿ ಎಂದು 2015ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂದಾಗ ಎಷ್ಟೋ ಮನೆಗಳಲ್ಲಿ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿರಬೇಕು. ಒಮ್ಮೆ ಸಾಲ ಮಾಡಿ ಹಾಕಿಸಿದವರು ಎರಡನೆಯ ಸಲ ಮಾತನ್ನೇ ಬಿಟ್ಟುಬಿಡುವ ನಾಡಿನಲ್ಲಿ, ದನಿಯ ಚರಿತ್ರೆ ಎಂದರೆ ಬೆಲೆಯ ಚರಿತ್ರೆಯೂ ಹೌದು.

ಹೊಗೆಸೊಪ್ಪು ಬಿಟ್ಟರೆ ಈ ಪಾಡು ಎಷ್ಟೋ ಜನರಿಗೆ ಬಾರದು. ಬಂದವರು ಎದುರಾದಾಗ ನಾವು ಮಾಡಬಹುದಾದದ್ದು ಒಂದಿದೆ. ಅವರು ಕತ್ತಿಗೆ ಬೆರಳಿಟ್ಟು, ಉಸಿರು ಕೂಡಿಸಿಕೊಂಡು ಮಾತಿಗೆ ಹೊರಟಾಗ, ಅವರ ವಾಕ್ಯವನ್ನು ನಾವು ಮುಗಿಸಲು ಹೋಗದೆ, ಅವರೇ ಮುಗಿಸುವವರೆಗೆ ಕಾಯುವುದು.