ಧನುರ್ವಾಯು: ನರತುದಿಗಳ ಮೇಲೆ ವಿಷದ ಕ್ರಿಯೆ ಹಾಗೂ ಲಸಿಕಾ ಸೌಲಭ್ಯ

1. ಪೀಠಿಕೆ
ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಕೃಷಿ ಹಾಗೂ ಪಶುಪಾಲನೆ ಪ್ರಮುಖ ಕಸುಬುಗಳಾಗಿವೆ. ಲಿಂಬೆ ಗಿಡದ ಮುಳ್ಳು, ಕುಡಗೋಲು ಅಥವಾ ಮೊಳೆಯಿಂದಾಗುವ ಗಾಯಗಳನ್ನು ಅನೇಕರು ಅಲಕ್ಷಿಸುತ್ತಾರೆ. ಇಂತಹ ಗಾಯದಿಂದಲೇ ಧನುರ್ವಾಯು ಉಂಟಾಗಬಹುದಾದ್ದರಿಂದ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ರೋಗದ ಕಾರಣ
ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣು ಹಾಗೂ ಸಗಣಿಯಲ್ಲಿರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ತುಕ್ಕು ರೋಗಕ್ಕೆ ಕಾರಣವಲ್ಲ. ಮೊಳೆಗೆ ಅಂಟಿದ ಮಣ್ಣೇ ಕಾರಣ. ಈ ರೋಗವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

3. ವಿಷದ ಕ್ರಿಯೆ
ವಿಷವು ಸ್ನಾಯುವಿನ ಬಳಿಯ ನರತುದಿಯನ್ನು ಪ್ರವೇಶಿಸಿ, ನರದೊಳಗೆ ಹಿಮ್ಮುಖವಾಗಿ ಸಾಗಿ ಬೆನ್ನುಹುರಿಯನ್ನು ತಲುಪುತ್ತದೆ. ಸ್ನಾಯುಗಳನ್ನು ಸಡಿಲಗೊಳಿಸುವ ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು ಅಲ್ಲಿನ ನರತುದಿಗಳಿಂದ ಬಿಡುಗಡೆಯಾಗಬೇಕಾದರೆ ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನು ಅವಶ್ಯಕ. ವಿಷವು ಈ ಪ್ರೋಟೀನನ್ನು ಕತ್ತರಿಸುತ್ತದೆ. ತಡೆಯಿಲ್ಲದಂತಾದ ಸ್ನಾಯುಗಳು ಬಿಗಿದು, ದವಡೆ ಕಚ್ಚಿಕೊಂಡು, ದೇಹವು ಧನುಸ್ಸಿನಂತೆ ಬಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಬಾಟುಲಿನಂ ವಿಷವು ಸ್ನಾಯುವಿನ ಬಳಿಯಲ್ಲೇ ಅಸಿಟೈಲ್‌ಕೋಲಿನ್ ಬಿಡುಗಡೆಯನ್ನು ತಡೆದು ಸ್ನಾಯುಗಳನ್ನು ನಿಶ್ಶಕ್ತಗೊಳಿಸುತ್ತದೆ.

ನರದೊಳಗೆ ಸೇರಿದ ವಿಷವನ್ನು ಪ್ರತಿವಿಷವು ತಲುಪಲಾರದು. ಆದ್ದರಿಂದ ಚೇತರಿಕೆಗೆ ವಾರಗಳಿಂದ ತಿಂಗಳುಗಳೇ ಬೇಕಾಗುತ್ತವೆ.

4. ಲಕ್ಷಣಗಳು
ಗಾಯವಾದ 3 ರಿಂದ 21 ದಿನಗಳೊಳಗೆ ಸಾಮಾನ್ಯವಾಗಿ ಬಾಯಿ ತೆರೆಯಲು ಕಷ್ಟ, ಕುತ್ತಿಗೆ ಬಿಗಿತ, ನುಂಗಲು ತೊಂದರೆ ಕಾಣಿಸಿಕೊಳ್ಳುತ್ತವೆ. ನವಜಾತ ಶಿಶುವು ಹಾಲು ಚೀಪುವುದನ್ನು ನಿಲ್ಲಿಸುತ್ತದೆ. ಇಂತಹ ಸಂದರ್ಭದಲ್ಲಿ ವಿಳಂಬಿಸದೆ 108 ಕ್ಕೆ ಕರೆ ಮಾಡತಕ್ಕದ್ದು.

5. ಉಚಿತ ಲಸಿಕೆ
ಅ) ಶಿಶುಗಳಿಗೆ: 6, 10 ಮತ್ತು 14 ನೇ ವಾರ ಪೆಂಟಾವೇಲೆಂಟ್.
ಆ) ಮಕ್ಕಳಿಗೆ: 16-24 ತಿಂಗಳು ಹಾಗೂ 5-6 ವರ್ಷದಲ್ಲಿ ಡಿ.ಪಿ.ಟಿ.; 10 ಮತ್ತು 16 ವರ್ಷದಲ್ಲಿ ಟಿ.ಡಿ.
ಇ) ಗರ್ಭಿಣಿಯರಿಗೆ: ನೋಂದಣಿಯಾದ ಕೂಡಲೇ ಟಿ.ಡಿ., 4 ವಾರಗಳ ನಂತರ ಎರಡನೆಯದು.

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ತಾಯಿ ಕಾರ್ಡ್‌ನೊಂದಿಗೆ ತೆರಳಬೇಕು. ಮಾಹಿತಿಗಾಗಿ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು.

6. ಸೂಚನೆಗಳು
ಗಾಯವನ್ನು ಸಾಬೂನು ಮತ್ತು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ, ಹಿಂದಿನ ಲಸಿಕೆಯ ವಿವರ ತಿಳಿಸಬೇಕು. ಗಾಯಕ್ಕಾಗಲಿ ಶಿಶುವಿನ ಹೊಕ್ಕುಳಿಗಾಗಲಿ ಸಗಣಿ, ಬೂದಿ, ಮಣ್ಣು ಹಚ್ಚಬಾರದು. ಒಮ್ಮೆ ರೋಗ ಬಂದು ಗುಣವಾದವರಿಗೂ ರೋಗನಿರೋಧಕ ಶಕ್ತಿ ಬರುವುದಿಲ್ಲವಾದ್ದರಿಂದ ಅವರೂ ಲಸಿಕೆ ಪಡೆಯತಕ್ಕದ್ದು.

ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯನ್ನು ಭಾರತವು 2015 ರಲ್ಲಿ ಸಾಧಿಸಿದೆ. ಆದರೆ ಬೀಜಾಣುಗಳು ಮಣ್ಣಿನಲ್ಲಿ ಇದ್ದೇ ಇರುತ್ತವೆ. ಆದ್ದರಿಂದ ಸಾರ್ವಜನಿಕರು ನಿಗದಿತ ಅವಧಿಯಲ್ಲಿ ಲಸಿಕೆ ಪಡೆದು ಸಹಕರಿಸಲು ಕೋರಲಾಗಿದೆ.