ಹುಲ್ಲು ತೋರುವ ಹಾದಿ

ಬೇಸಗೆಯಲ್ಲಿ ನಮ್ಮ ಕೊತ್ತಗೆರೆ ಸೀಮೆಯ ದನಗಾಹಿ ಕೆರೆಯಂಗಳದತ್ತ ನಡೆಯುತ್ತಾನೆ. ನೀರು ಸರಿದಲ್ಲಿ ಹಸುರು ಚಿಗುರುವುದೆಂದು ಬಲ್ಲ. ಕಾಡಾನೆಯೂ ಇದನ್ನು ಬಲ್ಲುದು.

ಕಾಕನಕೋಟೆಯ ಖೆಡ್ಡಾದಲ್ಲಿ ನೂರಾರು ಜನ ಸದ್ದುಗದ್ದಲದಿಂದ ಆನೆಗಳನ್ನು ಕಪಿಲೆಯ ಹೊಳೆಗೆ ಅಟ್ಟಿ ಹಿಡಿಯುತ್ತಿದ್ದರು. 1971ರದೇ ಕೊನೆಯ ಖೆಡ್ಡಾ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಆ ಕಾಡಿನ ತಗ್ಗುನೆಲ ನೀರಿನಡಿ ಸೇರಿತು. ಈಗ ಅಟ್ಟುವವರಿಲ್ಲ. ಆದರೂ ಪ್ರತಿ ಬೇಸಗೆಯಲ್ಲಿ ಕಾಡಿನ ಹುಲ್ಲು ಒಣಗಿ, ಹಿನ್ನೀರು ಇಳಿದ ಅಂಚಿನಲ್ಲಿ ಎಳೆಹುಲ್ಲು ಹಬ್ಬಿದಾಗ, ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳಿಂದ ನೂರಾರು ಆನೆಗಳು ತಾವಾಗಿ ಅಲ್ಲಿ ನೆರೆಯುತ್ತವೆ; ಮಳೆ ಹಿಡಿದೊಡನೆ ಚದುರುತ್ತವೆ.

ಕಾರ್ತಿಕದಲ್ಲಿ ತೆನೆ ಕಟ್ಟಿದ ರಾಗಿಹೊಲಕ್ಕೆ ಆನೆಯನ್ನು ಎಳೆತರುವುದೂ ಮೇವಿನ ಆಸೆಯೇ. ಕಾಡಿಗೂ ಕಾಡಿಗೂ ನಡುವಣ ದಾರಿಯನ್ನು ನಾವು ಮುಚ್ಚಿದರೆ, ವರ್ಷದ ಒಂದು ಋತುವಿನ ಅನ್ನವನ್ನೇ ಅದರ ಬಾಯಿಂದ ಕಸಿದಂತಾಗುತ್ತದೆ. ಆಮೇಲೆ ಅದು ನಮ್ಮ ಹೊಲಕ್ಕೆ ಬಂದಿತೆಂದು ದೂರುವುದು ಯಾವ ನ್ಯಾಯ?